ಎರಡನೇ ಬೆಂಚು, ರೈಲು ಕಾಣುವ ಕಿಟಕಿ

ಹೋದ ಭಾನುವಾರ ನನ್ನ ಅಣ್ಣನ ಮಗಳು ಶೈಲಾ ಬಂದು, ನಮ್ಮ ಬಂಗಾರಪೇಟೆ ಮನೆಯ ಜಗಲಿಯ ಮೇಲೆ ಕೂತು, ಕಾಫಿ ಆರಿಸುತ್ತಾ ಒಂದು ಪ್ರಶ್ನೆ ಕೇಳಿದಳು. ಈಚೆಗೆ ಅವಳಿಗೆ ಸಿ.ಆರ್.ಪಿ. ಕೆಲಸ ಕೊಟ್ಟಿದ್ದಾರೆ. ಪೂರ್ತಿ ಹೆಸರು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಸಂಪನ್ಮೂಲ ಇರುವುದಿಲ್ಲ, ವ್ಯಕ್ತಿಗೆ ಪುರುಸೊತ್ತೂ ಇರುವುದಿಲ್ಲ. ಸುತ್ತಮುತ್ತಲ ಹತ್ತಾರು ಸರ್ಕಾರಿ ಶಾಲೆಗಳನ್ನು ತಿರುಗಬೇಕು, ಪಾಠ ನೋಡಬೇಕು, ಮೇಷ್ಟರಿಗೆ ಹೆಗಲು ಕೊಡಬೇಕು, ಮೇಲಿನವರಿಗೆ ವರದಿ ಒಪ್ಪಿಸಬೇಕು. ನಾನು ಅದೇ ಕೆಲಸವನ್ನು ಮೊದಲು ಬೂದಿಕೋಟೆ ಕಡೆಯ ಹಳ್ಳಿಗಳಲ್ಲಿ, ಕೊನೆಗೆ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನಲ್ಲಿ ಮಾಡಿ ನಿವೃತ್ತಳಾದವಳು.

"ಅತ್ತೆ, ಅಪ್ಪ ಅಮ್ಮಂದಿರಿಗೆ ಮಕ್ಕಳ ಶಾಲೆ ಮೇಲೆ ಎಷ್ಟು ಆಸಕ್ತಿ ಇದೆ ಅಂತ ಅಳೆದು ಕಳಿಸಬೇಕಂತೆ. ನೀವು ಹೆಂಗೆ ಅಳೀತಿದ್ರಿ?"

"ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರಲ್ಲ, ಅಳೆ ನೀನೂ," ಎಂದು ನಕ್ಕು ಅವಳನ್ನು ಕಳಿಸಿಕೊಟ್ಟೆ.

ಅವಳು ಹೋದಳು, ಪ್ರಶ್ನೆ ಜಗಲಿಯ ಮೇಲೆಯೇ ಕೂತಿತ್ತು. ನಿವೃತ್ತಿಯಾದ ಮೇಲೆ ನನಗೆ ಹುದ್ದೆ, ಸನ್ಮಾನ, ಶಾಲು ಹಾರ ಯಾವುದೂ ನೆನಪಾಗುವುದಿಲ್ಲ. ಆದರೆ ಮುಂಜಾನೆ ಕೆ.ಜಿ.ಎಫ್. ಕಡೆಯಿಂದ ಮೊದಲ ರೈಲು ಜಂಕ್ಷನ್ನಿಗೆ ಬಂದ ಸದ್ದು ಕೇಳಿದರೆ ಸಾಕು, ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಹೋಗಬೇಕಾದದ್ದು ಎಲ್ಲಿಗೂ ಇಲ್ಲ ಎನ್ನುವುದು ಕಾಲಿಗೆ ಇನ್ನೂ ಗೊತ್ತಾಗಿಲ್ಲ. ಆ ಹುಡುಗಿಗೆ ನಗುತ್ತಾ ಹೇಳಿ ಮುಗಿಸಿದ್ದನ್ನು ಸ್ವಲ್ಪ ನೆಟ್ಟಗೆ ಹೇಳೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಬೂದಿಕೋಟೆ ಕಡೆ ಇದ್ದಾಗ ಅಳತೆ ಎಂದರೆ ಫೋಟೋ. ಪೋಷಕರ ಸಭೆ ನಡೆದರೆ ಫೋಟೋ ತೆಗೆದು ಕಳಿಸಬೇಕು, ಎಷ್ಟು ತಲೆ ಕಾಣುತ್ತವೋ ಅಷ್ಟು ಆಸಕ್ತಿ. ಆಗಿನ ನಮ್ಮ ಸಾಹೇಬರಿಗೆ ತಲೆ ಎಣಿಸುವುದೆಂದರೆ ಬಲು ಇಷ್ಟ. ಒಂದು ದಿನ ನನ್ನನ್ನು ಆಫೀಸಿಗೆ ಕರೆಸಿ ಮೇಜಿನ ಮೇಲೆ ನಾಲ್ಕು ಶಾಲೆಯ ಫೋಟೋಗಳನ್ನು ಹರಡಿದರು. ನಾಲ್ಕರಲ್ಲೂ ಮುಂದಿನ ಸಾಲಿನಲ್ಲಿ ಕೆಂಪು ಟವೆಲು ಸುತ್ತಿಕೊಂಡ ಒಬ್ಬನೇ ಮುದುಕ ಗಂಭೀರವಾಗಿ ಕೂತಿದ್ದಾನೆ.

"ಇವರಿಗೆ ಎಷ್ಟು ಶಾಲೆಯಲ್ಲಿ ಮಕ್ಕಳಿದ್ದಾರೆ ಮೇಡಂ?" ಎಂದರು.

ಅವನು ಯರ್ರಪ್ಪ. ಕುರಿ ಮೇಯಿಸುವವನು. ಕುರಿ ಹೋದ ಊರಿಗೆ ಅವನೂ ಹೋಗುತ್ತಿದ್ದ. ಶಾಲೆಯ ಮುಂದೆ ಜಮಖಾನ ಹಾಸಿದ್ದು ಕಂಡರೆ ಕುರಿಗಳನ್ನು ಮೈದಾನದ ಕಡೆ ಬಿಟ್ಟು ಬಂದು ಕೂರುತ್ತಿದ್ದ. ಮೇಷ್ಟರಿಗೂ ಒಂದು ತಲೆ ಸಿಕ್ಕಿತಲ್ಲ ಎಂಬ ಸಮಾಧಾನ. ಸಾಹೇಬರ ಕೈಯಲ್ಲಿ ಬೈಸಿಕೊಂಡು ಬಂದ ಸಿಟ್ಟಿಗೆ ಅವನನ್ನು ದಾರಿಯಲ್ಲೇ ಹಿಡಿದು ಕೇಳಿದೆ.

"ನಿನ್ನ ಮಕ್ಕಳು ಮೊಮ್ಮಕ್ಕಳು ಯಾರೂ ಇಲ್ಲಿ ಓದಲ್ಲ. ನಿನಗೇನಯ್ಯ ಇಲ್ಲಿ ಕೆಲಸ?"

"ಏನಿಲ್ಲ ಮೇಡಮ್ಮ. ಚಿಕ್ಕೋನಾಗಿದ್ದಾಗ ಇಸ್ಕೂಲ್ ಒಳೀಕ್ಕೆ ಬಿಡ್ನಿಲ್ಲ ನಮ್ಮಪ್ಪ, ಕುರಿ ಇಂದೆ ಓಗು ಅಂದ. ಈಗ ಯಾರೂ ಬ್ಯಾಡ ಅನ್ನಾಕಿಲ್ಲ. ಅದ್ಕೇ ಬಂದು ಕುಂತ್ಕೋತೀನಿ. ತಪ್ಪಾ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ಮುಂದಿನ ಸಭೆಗಳಲ್ಲಿ ಯರ್ರಪ್ಪನನ್ನು ಎರಡನೇ ಸಾಲಿನಲ್ಲಿ, ಸ್ವಲ್ಪ ಮರೆಯಾಗಿ ಕೂರಿಸಿದೆವು. ಆಸಕ್ತಿ ಎನ್ನುವುದನ್ನು ಅಳೆಯುವುದಾದರೆ ಅವನಷ್ಟು ತೂಗುವವನು ಆ ಹೋಬಳಿಯಲ್ಲಿ ಬೇರೆ ಇರಲಿಲ್ಲ.

ಆಮೇಲೆ ಡೈರಿ ಪ್ರಸಂಗ. ಹಗಲು ಹೊತ್ತು ಶಾಲೆಗೆ ಯಾರೂ ಬರುವುದಿಲ್ಲ, ಸಂಜೆಯಾದರೆ ಊರಿಗೆ ಊರೇ ಹಾಲು ಹಾಕುವುದಕ್ಕೆ ಡೈರಿಗೆ ಬರುತ್ತದೆ. ಸಭೆಯನ್ನೇ ಡೈರಿಗೆ ಒಯ್ದರೆ ಹೇಗೆ ಎಂದು ನನಗೆ ಹೊಳೆಯಿತು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡು, ಹಾಲಿನ ಸಾಲಿನ ಮುಂದೆ ನಿಂತು ಭಾಷಣ ಶುರು ಮಾಡಿದೆ. ಮಕ್ಕಳ ಓದಿನ ಬಗ್ಗೆ ಅಪ್ಪ ಅಮ್ಮ ಹೇಗೆ ನಿಗಾ ಇಡಬೇಕು ಎಂದು ಹೇಳುತ್ತಾ ಹೇಳುತ್ತಾ ಸಾಲಿನ ಕಡೆ ನೋಡಿದರೆ ಮುಕ್ಕಾಲು ಪಾಲು ನಮ್ಮ ಶಾಲೆಯ ಮಕ್ಕಳೇ! ಮನೆಯಲ್ಲಿ ದೊಡ್ಡವರು ಹಾಲು ಕರೆಯುತ್ತಾರೆ, ಕ್ಯಾನು ಹೊತ್ತು ಬರುವುದು ಮಕ್ಕಳು. ಹುಟ್ಟಿದ್ದು ಅಂಥದೇ ಹಳ್ಳಿಯಲ್ಲಿ, ಚಿಕ್ಕಂದಿನಲ್ಲಿ ಕ್ಯಾನು ಹೊತ್ತವಳು ನಾನು, ನನಗೇ ಅದು ಮರೆತುಹೋಗಿತ್ತು.

ಐದನೇ ಕ್ಲಾಸಿನ ಒಬ್ಬಳು ಕ್ಯಾನು ಕೆಳಗಿಟ್ಟು, "ಟೀಚರಮ್ಮ, ನಮ್ಮವ್ವ ಬರಾಕಿಲ್ಲ, ಅಸು ಬೇರೆಯೋರ್ಗೆ ಒದೀತದೆ. ನನ್ ಮೇಲೆ ಏನ್ ಕಂಪ್ಲೇಂಟ್ ಐತೋ ನನ್ ಕೈಲೇ ಯೇಳಿ, ಓಗಿ ಯೇಳ್ಬುಡ್ತೀನಿ," ಅಂದಳು. ಡೈರಿಯ ಸೆಕ್ರೆಟರಿ ನಕ್ಕ ನಗೆಗೆ ಅಳತೆಯ ಹಾಲು ಚೆಲ್ಲಿತು.

ಆ ಹುಡುಗಿಯ ಹಿಂದೆಯೇ ಅವರ ಕೊಟ್ಟಿಗೆಗೆ ಹೋದೆ. ಅವಳ ತಾಯಿ ಎರಡನೆಯ ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಿದ್ದಳು. ಶಾಲೆಗೆ ಬಂದಾಗ ಸೆರಗಿನ ತುದಿ ಕಚ್ಚಿಕೊಂಡು ಹೂಂ ಎನ್ನದವಳು, ಅಲ್ಲಿ ಮಗಳ ಹಟ, ಮಗಳ ಲೆಕ್ಕದ ಭಯ, ಮಗಳಿಗೆ ರಾತ್ರಿ ಬೀಳುವ ಕನಸು ಎಲ್ಲವನ್ನೂ ಹೇಳಿದಳು. ಎದ್ದು ನಿಂತಾಗ ಅವಳೇ ನಾಚಿಕೊಂಡು, "ಕೈಗೆ ಕೆಲ್ಸ ಇದ್ರೆ ಬಾಯಿ ಬತ್ತದೆ ಮೇಡಮ್ಮ. ಸುಮ್ಕೆ ಕುಂಡ್ರುಸಿದ್ರೆ ಏನ್ ಮಾತಾಡೋದು?" ಅಂದಳು. ಶೈಲಾ, ಇದನ್ನು ನೆನಪಿಟ್ಟುಕೋ. ನಮ್ಮ ಜನರನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸಬೇಡ. ಅವರ ಕೈಗೆ ಕೆಲಸವಿರುವ ಹೊತ್ತು ಹುಡುಕಿಕೊಂಡು ಹೋಗು.

ಆ ಕೊಟ್ಟಿಗೆಗಳ ವಾಸನೆ ಈಗ ನನಗೆ ಬೇಕು ಎನಿಸುತ್ತದೆ. ಆಗ ಸೀರೆಗೆ ಸಗಣಿ ಮೆತ್ತಿತು ಎಂದು ಗೊಣಗುತ್ತಿದ್ದೆ.

ಕೆಲಸದ ಕೊನೆಯ ವರ್ಷಗಳಲ್ಲಿ ನನ್ನನ್ನು ಕೆ.ಜಿ.ಎಫ್. ಕಡೆಗೆ ಹಾಕಿದರು. ಅಲ್ಲಿ ಹಸುವಿಲ್ಲ, ಕೊಟ್ಟಿಗೆಯಿಲ್ಲ. ಸಾಲು ಸಾಲು ಚಿಕ್ಕ ಮನೆಗಳು, ಅದರಾಚೆ ಗಣಿಯ ಮಣ್ಣಿನ ಬೆಟ್ಟಗಳು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಚಾಂಪಿಯನ್ ರೀಫ್ಸ್‌ನ ಒಂದು ಶಾಲೆಗೆ ಹೋದ ಮೊದಲ ದಿನವೇ ಅಲ್ಲಿನ ಮುಖ್ಯೋಪಾಧ್ಯಾಯಿನಿ ವಿಮಲಾ ಮೇಡಂ ತಲೆ ಮೇಲೆ ಕೈಹೊತ್ತು ಕೂತಿದ್ದರು. ಪೋಷಕರ ಸಭೆಗೆ ತಾತಂದಿರು ಬಿಟ್ಟರೆ ಒಬ್ಬ ತಾಯಿ ಬರುವುದಿಲ್ಲ, ಒಬ್ಬ ತಂದೆ ಬರುವುದಿಲ್ಲ. ತಾತಂದಿರು ಬಂದರೂ ಗಣಿಯ ಕಥೆ ಹೇಳಿಕೊಂಡು ಟೀ ಕುಡಿದು ಹೋಗುತ್ತಾರೆ. ವರ್ಷ ವರ್ಷವೂ ವರದಿಯಲ್ಲಿ ಈ ಶಾಲೆಯ ಮುಂದೆ "ಪೋಷಕರು ನಿರಾಸಕ್ತರು" ಎಂದು ಬರೆಯುತ್ತಾ ಬಂದಿದ್ದಾರೆ.

"ಸಭೆ ಎಷ್ಟು ಹೊತ್ತಿಗೆ?" ಎಂದೆ.

"ಮೂರೂವರೆಗೆ. ನಾನು ಬರೋಕ್ಕೂ ಮುಂಚಿನಿಂದ ಮೂರೂವರೆಗೇ."

ಯಾಕೆ ಮೂರೂವರೆ ಎಂದರೆ ಅವರಿಗೆ ಗೊತ್ತಿಲ್ಲ. ಅವರ ಹಿಂದಿನವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಶಾಲೆಯ ಪಕ್ಕದ ಮನೆಯ ಏಳುಮಲೈ ತಾತನಿಗೆ. ಗಣಿಯಲ್ಲಿ ದುಡಿದವರು, ಶಾಲೆಯ ಬೀಗದ ಕೈ ಅವರ ಮನೆಯ ಮೊಳೆಯಲ್ಲಿಯೇ ನೇತಾಡುತ್ತಿತ್ತು.

"ಅದು ಫಸ್ಟ್ ಶಿಫ್ಟ್ ಟೈಮ್ ಟೀಚರ್," ಅಂದರು ಅವರು. "ಶಿಫ್ಟ್ ಮುಗಿಸಿ ಮೇಲೆ ಬಂದು, ಮೈ ತೊಳೆದು, ಊಟ ಮಾಡಿ, ಒಳ್ಳೆ ಶರ್ಟ್ ಹಾಕೊಂಡು ಬರಕ್ಕೆ ಸರಿಯಾಗಿ ಮೂರೂವರೆ ಆಗೋದು. ನಮಗೋಸ್ಕರ ಅಂತ ಆಗಿನ ಹೆಡ್‌ಮಾಸ್ಟರ್ ಇಟ್ಟ ಟೈಮ್ ಅದು. ನಾವೆಲ್ಲ ಬರ್ತಿದ್ವಿ. ನಿಲ್ಲಕ್ಕೆ ಜಾಗ ಇರ್ತಿರ್ಲಿಲ್ಲ."

ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಪಾಳಿ ಹೋಯಿತು, ಸೈರನ್ ಹೋಯಿತು, ಪಾಳಿಯವರ ಮಕ್ಕಳೆಲ್ಲ ಮುಂಜಾನೆ ಮೊದಲ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ತಿರುಗಿ ಬರುವಂತಾಯಿತು. ಸಭೆಯ ಹೊತ್ತು ಮಾತ್ರ ಮೂರೂವರೆಯಲ್ಲೇ ನಿಂತಿತ್ತು. ಯಾರೋ ಪುಣ್ಯಾತ್ಮ ಜನರ ಮೇಲಿನ ಪ್ರೀತಿಯಿಂದ ಇಟ್ಟ ಹೊತ್ತು ಅದು. ಜನ ಬದಲಾದರು, ಹೊತ್ತು ಬದಲಾಗಲಿಲ್ಲ, ನಿರಾಸಕ್ತರು ಎಂಬ ಹೆಸರು ಜನರಿಗೆ ಅಂಟಿತು. ವಿಮಲಾ ಮೇಡಂ ಮತ್ತು ನಾನು ಮುಖ ಮುಖ ನೋಡಿಕೊಂಡು ನಕ್ಕೆವು.

ಆ ತಿಂಗಳೇ ನನಗೆ ಬೆಂಗಳೂರಿನಲ್ಲಿ ಒಂದು ವಾರದ ತರಬೇತಿ ಬಿತ್ತು. ಬಂಗಾರಪೇಟೆಯಲ್ಲಿ ಅದೇ ಮೊದಲ ರೈಲು ಹತ್ತಿ ಹೆಂಗಸರ ಬೋಗಿಯೊಳಗೆ ನುಗ್ಗಿದೆ. ಆ ಬೋಗಿಯನ್ನು ನೋಡದವರು ಕೆ.ಜಿ.ಎಫ್. ನೋಡಿಲ್ಲ. ಒಬ್ಬಳು ಬೆಳ್ಳುಳ್ಳಿ ಸುಲಿಯುತ್ತಾಳೆ, ಒಬ್ಬಳು ನಿಂತೇ ನಿದ್ದೆ ಮಾಡುತ್ತಾಳೆ, ಒಬ್ಬಳು ಇನ್ನೊಬ್ಬಳ ಭುಜದ ಮೇಲೆ ತಲೆಯಿಟ್ಟು ಗಂಡನನ್ನು ಬೈಯುತ್ತಾಳೆ. ಕೈಗೆಲ್ಲ ಕೆಲಸ. ಕೊಟ್ಟಿಗೆಯ ಮಾತು ನೆನಪಾಗಿ ನಾನೂ ಪಕ್ಕದವಳ ಮಡಿಲಿನಿಂದ ಒಂದು ಹಿಡಿ ಹೂ ತೆಗೆದುಕೊಂಡು ಜೋಡಿಸಿ ಕೊಡತೊಡಗಿದೆ.

ಹೂ ಕಟ್ಟುತ್ತಿದ್ದವಳ ಹೆಸರು ಸೆಲ್ವಿ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ. ಗಂಡ ಹೊಸೂರಿನ ಕಡೆ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ನಾನು ಯಾರು, ಯಾವ ಶಾಲೆಗಳಿಗೆ ಹೋಗುತ್ತೇನೆ ಎಂದು ತಿಳಿಯುತ್ತಲೇ ಅವಳ ಕೈ ನಿಂತಿತು.

"ಟೀಚರ್, ನಮ್ಮ ಪಾಪ ನಿಮ್ಮ ಸ್ಕೂಲೇ. ಕಾವ್ಯ, ಏಳನೇ ಕ್ಲಾಸ್. ಏಳುಮಲೈ ನಮ್ಮ ಮಾವ." ಆಮೇಲೆ ತೀರ ಮೆಲ್ಲಗೆ ಕೇಳಿದಳು. "ಅವಳು ಕ್ಲಾಸ್‌ನಲ್ಲಿ ಎಲ್ಲಿ ಕೂತ್ಕೋತಾಳೆ ಟೀಚರ್?"

ಮಾರ್ಕ್ಸ್ ಕೇಳಬಹುದು, ನಡತೆ ಕೇಳಬಹುದು, ಹೊಡೆಯುತ್ತೀರಾ ಎಂದು ಕೇಳಬಹುದು. ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಯಾಕಮ್ಮ ಎಂದೆ.

"ನಾನು ಅವಳನ್ನು ಬೆಳಕಲ್ಲಿ ನೋಡೋದು ಭಾನುವಾರ ಒಂದೇ ಟೀಚರ್. ಸ್ಕೂಲ್ ಡ್ರೆಸ್‌ನಲ್ಲಿ ನೋಡೇ ಇಲ್ಲ. ನಾನು ಒಗೀತೀನಿ, ಇಸ್ತ್ರಿ ಹಾಕ್ತೀನಿ, ಹಾಕೊಂಡಿದ್ದು ನೋಡಲ್ಲ. ಮಷಿನ್ ಮುಂದೆ ಕೂತಾಗ ಈಗ ಅವಳು ಕ್ಲಾಸ್‌ನಲ್ಲಿ ಇದಾಳೆ ಅಂತ ಯೋಚನೆ ಮಾಡ್ತೀನಿ. ಆದ್ರೆ ಎಲ್ಲಿ ಅಂತ ಗೊತ್ತಿಲ್ವಲ್ಲ. ಏಳನೇ ಕ್ಲಾಸ್ ಆದ್ಮೇಲೆ ಈ ಸ್ಕೂಲ್ ಮುಗೀತು. ಒಂದೇ ಒಂದು ಸಲ ಅವಳು ಕೂತಿರೋದು ನೋಡ್ಬೇಕು ಟೀಚರ್."

ತರಬೇತಿಯಲ್ಲಿ ಆ ದಿನ ಪೋಷಕರನ್ನು ಪ್ರೇರೇಪಿಸುವ ವಿಧಾನಗಳ ಬಗ್ಗೆ ಉಪನ್ಯಾಸವಿತ್ತು. ನಾನು ಒಂದಕ್ಷರ ಕೇಳಿಸಿಕೊಳ್ಳಲಿಲ್ಲ.

ತರಬೇತಿಯ ನಡುವೆ ನಮಗೆ ಒಂದು ದಿನ ಬಿಡುವು ಕೊಟ್ಟರು. ನೆಟ್ಟಗೆ ಶಾಲೆಗೆ ಹೋಗಿ ಏಳನೇ ಕ್ಲಾಸಿನ ಬಾಗಿಲಲ್ಲಿ ನಿಂತೆ. ಕಾವ್ಯ ಎರಡನೇ ಬೆಂಚಿನ ತುದಿಯಲ್ಲಿ, ಹಿಂಬದಿಯ ಕಿಟಕಿಯ ಪಕ್ಕ ಕೂತಿದ್ದಳು. ಸಣಕಲು ಹುಡುಗಿ, ಎರಡು ಜಡೆ, ಎರಡೂ ಸೊಟ್ಟ. ಕಿಟಕಿಯಾಚೆ ಸ್ವಲ್ಪ ದೂರದಲ್ಲಿ ರೈಲು ಹಳಿ.

"ಕಾವ್ಯ, ನಿಮ್ಮಮ್ಮ ರೈಲಲ್ಲಿ ಸಿಕ್ಕಿದ್ರು," ಎಂದೆ ಖುಷಿಯಾಗಿ.

"ನಂಗೆ ಅಮ್ಮ ಇಲ್ಲ ಟೀಚರ್. ತಾತ ಮಾತ್ರ," ಅಂದಳು. ಅಂದು ಪುಸ್ತಕದ ಕಡೆ ತಿರುಗಿದಳು.

ವಿಮಲಾ ಮೇಡಂ ನನ್ನನ್ನು ಹೊರಗೆ ಕರೆದರು. ಎರಡು ವರ್ಷದ ಹಿಂದೆ ಶಾಲೆಯ ವಾರ್ಷಿಕೋತ್ಸವದಲ್ಲಿ ಕಾವ್ಯ ಹಾಡಿದ್ದಳಂತೆ. ಎಲ್ಲರ ಮನೆಯಿಂದ ಅಜ್ಜಿಯೋ ಅತ್ತೆಯೋ ಬಂದಿದ್ದರು, ತಾತನಿಗೆ ಅವತ್ತು ಜ್ವರ. ಅವಳಿಗೆ ಚಪ್ಪಾಳೆ ತಟ್ಟುವವರು ತನ್ನವರು ಎಂದು ಯಾರೂ ಇರಲಿಲ್ಲ. ಅಂದಿನಿಂದ ಯಾರು ಕೇಳಿದರೂ ಇದೇ ಉತ್ತರವಂತೆ. ಒಗೆದು ಇಸ್ತ್ರಿ ಮಾಡಿದ ಆ ಸಮವಸ್ತ್ರವನ್ನೇ ಅವಳು ತೊಟ್ಟಿದ್ದಳು.

ಮಾರನೆಯ ದಿನ ರೈಲಿನಲ್ಲಿ ಸೆಲ್ವಿ ನನಗಾಗಿ ಜಾಗ ಹಿಡಿದು ಕಾದಿದ್ದಳು. ಅರ್ಧ ಮಾತ್ರ ಹೇಳಿದೆ. "ಎರಡನೇ ಬೆಂಚು. ರೈಲು ಕಾಣುವ ಕಿಟಕಿ ಪಕ್ಕ."

ಅವಳ ಮುಖ ಬೆಳಗಿತು. "ಆ ಕಿಟಕಿನಾ? ದಿನಾ ನೋಡ್ತೀನಿ ಟೀಚರ್! ಚಾಂಪಿಯನ್ ಸ್ಟೇಷನ್ ಬಿಟ್ಟ ಮೇಲೆ ಬರುತ್ತೆ. ಆದ್ರೆ ಆಗ ಕತ್ತಲೆ ಇರುತ್ತೆ, ಸ್ಕೂಲೂ ಮುಚ್ಚಿರುತ್ತೆ." ಮತ್ತೆ ಕೇಳಿದಳು, "ನಾನು ಬರಲ್ಲ ಅಂತ ಅವಳಿಗೆ ಕೋಪಾನಾ?"

"ಮಕ್ಕಳಿಗೆ ಕೋಪ ಇದ್ದೇ ಇರುತ್ತೆ ಕಣಮ್ಮ. ಬರೋಲ್ಲ ಅಂತ ಗೊತ್ತಾದವರ ಮೇಲೆ ಅವು ಕೋಪ ಮಾಡ್ಕೊಳ್ಳಲ್ಲ. ಕೋಪ ಇದೆ ಅಂದ್ರೆ ಇನ್ನೂ ಕಾಯ್ತಿದಾಳೆ ಅಂತ," ಎಂದೆ. ಹಾಗೆ ಹೇಳುವಾಗ ನನಗೇ ಅದು ನಿಜವೋ ಸುಳ್ಳೋ ತಿಳಿದಿರಲಿಲ್ಲ.

ಸಭೆ ಗಿಭೆ ಬೇಡ, ಒಂದು ಭಾನುವಾರ ಶಾಲೆ ತೆರೆದು ಎಂದಿನಂತೆ ಪಾಠ ಮಾಡೋಣ, ಅಪ್ಪ ಅಮ್ಮ ಬಂದು ಮಕ್ಕಳ ಜೊತೆ ಕೂತು ನೋಡಲಿ ಎಂದು ವಿಮಲಾ ಮೇಡಮ್ಮಿಗೆ ಹೇಳಿದೆ. ಅವರು ಒಪ್ಪಿದರು. ಉಳಿದ ಮೇಷ್ಟರು ಗೊಣಗಿ ಒಪ್ಪಿದರು. ಕೆ.ಜಿ.ಎಫ್.ಗೆ ಹೊಸದಾಗಿ ಬಂದಿದ್ದ ಸಾಹೇಬರು ಮಾತ್ರ, "ಮಾಡಿ ಮೇಡಂ, ಆದರೆ ಭಾನುವಾರದ ಹಾಜರಿ ಲೆಕ್ಕಕ್ಕೆ ಬರೋದಿಲ್ಲ," ಅಂದರು. ಲೆಕ್ಕಕ್ಕೆ ಬಾರದ ಕೆಲಸಕ್ಕೆ ಅಡ್ಡಿಯೂ ಇಲ್ಲವಲ್ಲ ಎಂದು ನನಗೆ ಅನುಕೂಲವೇ ಆಯಿತು. ಹೆಂಗಸರ ಬೋಗಿಗೆ ಸೆಲ್ವಿಯೇ ಡಂಗುರ ಹೊಡೆದಳು. ಮನೆಯಲ್ಲಿ ಮಗಳಿಗೂ, ನೀನು ಕ್ಲಾಸಿನಲ್ಲಿ ಕೂತಿರುವುದನ್ನು ನೋಡಬೇಕು, ಬಂದೇ ಬರುತ್ತೇನೆ ಎಂದು ಹೇಳಿದಳಂತೆ.

ಆ ಭಾನುವಾರದಂಥ ದಿನವನ್ನು ನಾನು ಕೆಲಸದಲ್ಲಿ ಇನ್ನೊಂದು ನೋಡಲಿಲ್ಲ. ಬೆಂಚು ಸಾಲದೆ ನೆಲದ ಮೇಲೆ ಕೂತರು. ಗಂಡಸರು ಮದುವೆಗೆ ಬಂದವರ ಹಾಗೆ ತಲೆ ಬಾಚಿಕೊಂಡು ಬಂದಿದ್ದರು. ಒಬ್ಬ ತಂದೆ ಮಗನ ಜೊತೆ ತಾನೂ ಮಗ್ಗಿ ಹೇಳಿ, ಮಗನಿಗಿಂತ ಮುಂಚೆ ತಪ್ಪಿದ. ಅರ್ಧ ಗಂಟೆಯಾಗುವಷ್ಟರಲ್ಲಿ ಎಷ್ಟೋ ತಾಯಂದಿರು ಕೂತಲ್ಲೇ ನಿದ್ದೆ ಹೋದರು. ವಾರವಿಡೀ ನಾಲ್ಕು ಗಂಟೆಗೆ ಏಳುವವರು, ಫ್ಯಾನಿನ ಗಾಳಿ, ಪಕ್ಕದಲ್ಲಿ ಮಗು, ನಿದ್ದೆ ಬರದೇ ಇರುತ್ತದೆಯೇ? ಮಕ್ಕಳು ನಾಚಿಕೊಂಡು ತಾಯಿಯನ್ನು ತಿವಿಯಲು ಹೋದರೆ ವಿಮಲಾ ಮೇಡಂ ಬೇಡ ಎಂದು ಕಣ್ಣಲ್ಲೇ ಹೇಳಿ, ದನಿ ತಗ್ಗಿಸಿ ಪಾಠ ಮುಂದುವರಿಸಿದರು. ಅಷ್ಟು ಮೆಲ್ಲಗೆ, ಅಷ್ಟು ಚೆನ್ನಾಗಿ ಯಾರೂ ಪಾಠ ಮಾಡಿದ್ದನ್ನು ನಾನು ಕೇಳಿಲ್ಲ.

ಎರಡನೇ ಬೆಂಚಿನಲ್ಲಿ ಕಾವ್ಯ ತನ್ನ ಪಕ್ಕದಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದಳು. ಜಾಗವಿಲ್ಲದೆ ನಿಂತಿದ್ದ ಒಬ್ಬ ಅಜ್ಜಿ ಅಲ್ಲಿ ಕೂರಲು ಹೋದರೆ, "ನಮ್ಮಮ್ಮ ಬರ್ತಾರೆ," ಅಂದಳು. ನನಗೆ ಸ್ಪಷ್ಟವಾಗಿ ಕೇಳಿಸಿತು. ವಿಮಲಾ ಮೇಡಂ ಬೋರ್ಡಿನ ಕಡೆ ತಿರುಗಿದವರು ತಿರುಗಿಯೇ ನಿಂತರು.

ಸೆಲ್ವಿ ಬರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಶನಿವಾರ ಸಂಜೆ ಗೇಟು ದಾಟುವಾಗ ಸೂಪರ್‌ವೈಸರ್ ತಡೆದು, ಮಾಲು ಕಳಿಸುವುದಿದೆ, ನಾಳೆ ಎಲ್ಲರೂ ಬರಬೇಕು ಎಂದನಂತೆ. ಕೊನೆಯ ಪಾಠದ ಹೊತ್ತಿಗೆ ಏಳುಮಲೈ ತಾತ ಬಾಗಿಲಿಗೆ ಬಂದು ನನಗೆ ಇದನ್ನು ಹೇಳಿದರು. ಬೆಳಿಗ್ಗೆ ಮೊಮ್ಮಗಳು ಅಮ್ಮ ಎಲ್ಲಿ ಎಂದಾಗ, ಅಂಗಡಿಗೆ ಹೋಗಿದ್ದಾಳೆ, ಬರ್ತಾಳೆ ಅಂದಿದ್ದರಂತೆ, ನಿಜ ಹೇಳುವ ಧೈರ್ಯ ಅವರಿಗೆ ಆಗಿರಲಿಲ್ಲ. ಕಾವ್ಯ ನಮ್ಮಿಬ್ಬರ ಮುಖ ನೋಡಿದಳು, ಬ್ಯಾಗು ಎತ್ತಿ ಕಾಲ ಬಳಿ ಇಟ್ಟಳು, ಅಜ್ಜಿಗೆ ಸರಿದು ಜಾಗ ಕೊಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಂದು ಮನೆಗೆ ಹೋಗುವಾಗ, ಇನ್ನು ಮುಗಿಯಿತು, ಆ ಹುಡುಗಿ ಬಾಯಿಬಿಟ್ಟು ಅಮ್ಮ ಎಂದದ್ದೂ ಮಣ್ಣುಪಾಲಾಯಿತು ಎಂದುಕೊಂಡೆ. ಮುಂದಿನ ವಾರ ಶಾಲೆಗೆ ಹೋದಾಗ ಕಾವ್ಯ ತಾನಾಗಿಯೇ ನನ್ನ ಹತ್ತಿರ ಬಂದು ಸೆರಗು ಹಿಡಿದು ನಿಂತಳು.

"ಟೀಚರ್, ಫಸ್ಟ್ ಟ್ರೈನ್ ಹೋಗೋವಾಗ ನಮ್ಮ ಕ್ಲಾಸ್‌ನಲ್ಲಿ ಲೈಟ್ ಹಾಕಬಹುದಾ?"

"ಯಾಕೆ?"

"ಹಾಕಿದ್ರೆ ಆಚೆಯಿಂದ ಒಳಗೆ ಕಾಣುತ್ತೆ. ನಾನು ನೋಡಿದೀನಿ."

ಆಗಲೇ ಹೋಗಿ ವಿಮಲಾ ಮೇಡಮ್ಮಿಗೆ ಹೇಳಿದೆ.

ಅಂದು ರಾತ್ರಿ ನಾನು ಅಲ್ಲೇ ಹತ್ತಿರವಿದ್ದ ಅವರ ಮನೆಯಲ್ಲಿ ಉಳಿದೆ. ಚಳಿಗಾಲ, ಬೆಳಗಾಗುವ ಮೊದಲು ನಾವಿಬ್ಬರೂ ಶಾಲು ಹೊದ್ದು ಶಾಲೆಗೆ ಹೋದರೆ ತಾತ ಮೊಮ್ಮಗಳು ಆಗಲೇ ಬಾಗಿಲು ತೆಗೆದಿದ್ದರು. ಗಣಿ ಮುಚ್ಚಿದರೂ ತಾತನಿಗೆ ಫಸ್ಟ್ ಶಿಫ್ಟಿನ ಎಚ್ಚರ ಹೋಗಿರಲಿಲ್ಲ. ಸ್ವಿಚ್ಚು ಒತ್ತಿದರೆ ಲೈಟು ಇಲ್ಲ, ಬಲ್ಬು ಸುಟ್ಟುಹೋಗಿತ್ತು. ಹಗಲು ನಡೆಯುವ ಶಾಲೆಯಲ್ಲಿ ಯಾರು ನೋಡಿರುತ್ತಾರೆ? "ಒಂದ್ ನಿಮಿಷ ಟೀಚರ್," ಎಂದು ತಾತ ಓಡಿದರು. ಪಕ್ಕದಲ್ಲಿ ಅವರ ಮನೆ ಕತ್ತಲಾಯಿತು. ಮನೆಯ ಬಲ್ಬನ್ನೇ ಬಿಚ್ಚಿ, ಬಿಸಿಗೆ ಟವೆಲಿನಲ್ಲಿ ಸುತ್ತಿಕೊಂಡು ಬಂದು, ಬೆಂಚಿನ ಮೇಲೆ ಹತ್ತಿ ಹಾಕಿದರು.

ಕಾವ್ಯ ಸಮವಸ್ತ್ರ ತೊಟ್ಟು ಬಂದಿದ್ದಳು. ಎರಡನೇ ಬೆಂಚಿನಲ್ಲಿ ತನ್ನ ಜಾಗದಲ್ಲಿ ಕೂತು ಪುಸ್ತಕ ತೆರೆದಳು. ದೂರದಲ್ಲಿ ರೈಲು ಕೂಗಿತು.

"ಕಿಟಕಿ ಹತ್ರ ನಿಂತ್ಕೋ ಪುಟ್ಟಿ, ಕೈ ಬೀಸು," ಎಂದರು ವಿಮಲಾ ಮೇಡಂ.

"ಬೇಡ ಮೇಡಂ. ಅಮ್ಮ ನಾನು ಕ್ಲಾಸ್‌ನಲ್ಲಿ ಕೂತಿರೋದು ನೋಡ್ಬೇಕು ಅಂದಿದ್ದು. ಕ್ಲಾಸ್‌ನಲ್ಲಿ ಯಾರೂ ಕೈ ಬೀಸಲ್ಲ."

ತಲೆ ಬಗ್ಗಿಸಿ ಓದತೊಡಗಿದಳು. ರೈಲು ಬಂತು. ಬೆಳಕು ತುಂಬಿದ ಕಿಟಕಿಗಳು ಒಂದರ ಹಿಂದೊಂದು ಸರಿದವು, ಅಷ್ಟು ಮುಖಗಳಲ್ಲಿ ಸೆಲ್ವಿ ಯಾರೆಂದು ನನಗೆ ಕಾಣಲೇ ಇಲ್ಲ. ಕಾವ್ಯ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಹೋಯ್ತಾ ಟೀಚರ್?" ಎಂದಳು, ತಲೆ ಬಗ್ಗಿಸಿಯೇ.

"ಹೋಯ್ತು ಕಣಮ್ಮ."

ಆಗ ತಲೆ ಎತ್ತಿದಳು. ರೈಲು ಇಲ್ಲದ ಹಳಿಯನ್ನು ನೋಡಿದಳು. ಅಷ್ಟರಲ್ಲಿ ತಾತನ ಜೇಬಿನೊಳಗೆ ಫೋನು ಹೊಡೆದುಕೊಂಡಿತು. ಕಾವ್ಯಳೇ ತೆಗೆದುಕೊಂಡಳು. ನಮಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಹೂಂ... ಆಮಾ, ಹೌದು, ನಾನೇ... ಜಡೆ ತಾತ ಹಾಕಿದ್ದು, ಅದಕ್ಕೇ ಸೊಟ್ಟ... ಸಮಾಜ ಪುಸ್ತಕ... ಹೂಂ... ಅಳಬೇಡಮ್ಮ, ಎಲ್ಲ ನೋಡ್ತಾರೆ."

ಅಳಬೇಡಮ್ಮ. ಆ ಒಂದು ಮಾತಿಗೆ ವಿಮಲಾ ಮೇಡಂ ಮೂಗು ಒರೆಸಿಕೊಂಡು ಹೊರಗೆ ಹೋದರು. ಫ್ಯಾಕ್ಟರಿ ಸೂಪರ್‌ವೈಸರನ ಮೇಲೂ ಸಾಹೇಬರ ಮೇಲೂ ಇದ್ದ ನನ್ನ ಸಿಟ್ಟೆಲ್ಲ ಆ ಹೊತ್ತು ಎಲ್ಲಿ ಹೋಯಿತೋ ಕಾಣೆ. ನಾನು ಇಷ್ಟು ವರ್ಷ ಸುತ್ತಿದ್ದು ಇದೊಂದು ಮಾತು ಕೇಳುವುದಕ್ಕೇ ಇರಬೇಕು ಎನಿಸಿತು.

ಒಂದು ಸಲ ಎಂದದ್ದು ಒಂದು ಸಲಕ್ಕೆ ನಿಲ್ಲಲಿಲ್ಲ. ರೈಲಿನಲ್ಲಿ ಸುದ್ದಿ ಹಬ್ಬಿತು. ಬೇರೆ ತಾಯಂದಿರು ಮನೆಯಲ್ಲಿ ಜಗಳ ತೆಗೆದರು, "ನೀನೂ ಹೋಗಿ ಕೂತ್ಕೋ ಕಣ್ಣು, ನಾನೂ ನೋಡ್ತೀನಿ" ಎಂದು. ಆ ಚಳಿಗಾಲವಿಡೀ ಮೊದಲ ರೈಲಿನ ಹೊತ್ತಿಗೆ ಆ ಕೋಣೆಯಲ್ಲಿ ಒಂದು ಹಿಂಡು ಮಕ್ಕಳು ಓದುತ್ತಾ ಕೂರುತ್ತಿದ್ದರು. ತಾತ ಕಾವಲು. ಆ ಜಾಗ ಬಂದರೆ ಬೋಗಿಯಲ್ಲಿ ಬೆಳ್ಳುಳ್ಳಿ ಸುಲಿಯುವ ಕೈಗಳೆಲ್ಲ ನಿಲ್ಲುತ್ತಿದ್ದವಂತೆ.

ಸಾಹೇಬರಿಗೆ ನಾನು ಇದನ್ನೆಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಚೆನ್ನಾಗಿದೆ ಮೇಡಂ. ಆದರೆ ಇದನ್ನ ಯಾವ ಕಾಲಮ್ಮಿನಲ್ಲಿ ಹಾಕಲಿ?" ಅಂದರು. ಆ ವರ್ಷವೂ ಆ ಶಾಲೆಯ ಪೋಷಕರು ನಿರಾಸಕ್ತರೇ ಆದರು. ಸಭೆಯ ಹೊತ್ತನ್ನು ಮಾತ್ರ ವಿಮಲಾ ಮೇಡಂ ಬದಲಾಯಿಸಿದರು, ಈಗ ಭಾನುವಾರ ಬೆಳಿಗ್ಗೆ.

ಶೈಲಾ, ನಿನ್ನ ಪ್ರಶ್ನೆಗೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ಆಮೇಲೆ ಉಳಿದ ಕಾಲ ಹೋದ ಕಡೆಯೆಲ್ಲ ಅಪ್ಪ ಅಮ್ಮಂದಿರನ್ನು, ನಿಮ್ಮ ಮಗು ಕ್ಲಾಸಿನಲ್ಲಿ ಎಲ್ಲಿ ಕೂರುತ್ತೆ ಗೊತ್ತಾ ಎಂದು ಕೇಳುತ್ತಿದ್ದೆ. ತಪ್ಪದೆ ಸಭೆಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂರುವ ಎಷ್ಟೋ ಮಂದಿ ಗೊತ್ತಿಲ್ಲ ಎಂದು ನಗುತ್ತಿದ್ದರು. ಎಂದೂ ಬಾರದ ಎಷ್ಟೋ ಮಂದಿ, "ಎಲ್ಲಿ ಕೂರ್ತದೆ, ನೀವೇ ಯೇಳಿ" ಎಂದು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಹಾಗೆ ಕೈ ಹಿಡಿದಾಗ ಎಷ್ಟು ಬಿಗಿ ಇರುತ್ತದೋ ಅದನ್ನು ನೋಡಿಕೋ. ವರದಿಯಲ್ಲಿ ಮಾತ್ರ ಮೇಲಿನವರು ಕೇಳಿದ್ದನ್ನೇ ಬರೆದು ಕಳಿಸು.

ಈಗಲೂ ತಿಂಗಳಿಗೊಮ್ಮೆ ನಾನು ವಿಮಲಾ ಮೇಡಂ ಮನೆಗೆ ಹೋಗಿ ರಾತ್ರಿ ಉಳಿದು ಬರುತ್ತೇನೆ. ಅವರನ್ನು ನೋಡುವುದು ನೆವ, ಅವರಿಗೂ ಗೊತ್ತು. ಬೆಳಿಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಮೊದಲ ರೈಲು ಹತ್ತಿ ಬಂಗಾರಪೇಟೆಗೆ ಮರಳುವುದೇ ನನಗೆ ಬೇಕಾದದ್ದು. ಕಾವ್ಯ ಈಗ ಬಂಗಾರಪೇಟೆಯಲ್ಲಿ ಪಿಯುಸಿ ಓದುತ್ತಾಳೆ. ಅವಳ ಕಾಲೇಜಿಗೆ ಇನ್ನೂ ಎಷ್ಟೋ ಹೊತ್ತಿರುತ್ತದೆ, ಆದರೂ ಅದೇ ರೈಲಿಗೆ ಬರುತ್ತಾಳೆ, ತಾಯಿಯ ಪಕ್ಕದಲ್ಲಿ ಕೂತು ಜಂಕ್ಷನ್ನಿನವರೆಗೆ ಬಂದು ಅಲ್ಲಿಯ ಬೆಂಚಿನ ಮೇಲೆ ಓದಿಕೊಳ್ಳುತ್ತಾಳೆ. ಹೋದ ತಿಂಗಳು ನಾನು ಹತ್ತಿದಾಗ ಇಬ್ಬರೂ ಇದ್ದರು. ಮಗಳ ತಲೆ ತಾಯಿಯ ಭುಜದ ಮೇಲಿತ್ತು, ಕೂತ ಕೂಡಲೇ ನಿದ್ದೆ. ಜಡೆ ಒಂದೇ, ನೆಟ್ಟಗಿತ್ತು. ಸೆಲ್ವಿ ಹೂ ಕಟ್ಟುತ್ತಿದ್ದಳು. ನಾನು ಎಂದಿನಂತೆ ಹೂ ಜೋಡಿಸಿ ಕೊಡಲು ಕೂತೆ.

ಸ್ಟೇಷನ್ ಬಿಟ್ಟ ಸ್ವಲ್ಪ ಹೊತ್ತಿಗೆ ಸೆಲ್ವಿಯ ಕೈ ನಿಂತಿತು. ಹೊರಗೆ ಕತ್ತಲು. ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ನೋಡಿದಳು. ಶಾಲೆ ಬಂತು, ಹೋಯಿತು. ಆ ಕೋಣೆಯಲ್ಲಿ ಈಗ ದೀಪ ಹಾಕುವವರು ಇಲ್ಲ.

"ಇನ್ನೂ ನೋಡ್ತೀಯಾ?" ಎಂದೆ.

ಅವಳು ಮಗಳ ತಲೆ ಜಾರದಂತೆ ಭುಜ ಸರಿಮಾಡಿಕೊಂಡು, ನಾಚಿಕೊಂಡು ನಕ್ಕಳು.

"ಪಕ್ಕದಲ್ಲೇ ಇದಾಳೆ ಟೀಚರ್. ಆದ್ರೂ ಆ ಕಿಟಕಿ ಬಂದ್ರೆ, ಅಲ್ಲಿ ಕೂತಿದಾಳೇನೋ ಅಂತ ನೋಡ್ತೀನಿ."

ನಾನೂ ನೋಡಿದ್ದೆ.